ಗಾಯದ ರಿಜಿಸ್ಟರಿನ ಏಳನೇ ಕಾಲಂ

ಇಪ್ಪತ್ತೆಂಟನೇ ವಯಸ್ಸಿಗೆ ನಿವೃತ್ತನಾದೆ ಎಂದರೆ ಜನ ನಗುತ್ತಾರೆ. ನಾನೂ ಒಂದು ಸಲ ನಕ್ಕೆ. ಒಂಬತ್ತು ವರ್ಷ ಎರಡು ತಿಂಗಳು ಡ್ರೆಸ್ಸರ್ ಆಗಿದ್ದೆ. ಅಂದರೆ ಗಾಯ ತೊಳೆದು, ಮದ್ದು ಹಾಕಿ, ಬಟ್ಟೆ ಸುತ್ತುವವನು. ದಿನಕ್ಕೆ ಇಪ್ಪತ್ತು ಸಲ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ನೀರಿಗೆ ಕೈ ಅದ್ದಿ ಅದ್ದಿ ಅಂಗೈ ಚರ್ಮ ಬಿರಿಯಿತು. ಮೊದಮೊದಲು ಚಳಿಗಾಲದಲ್ಲಿ ಮಾತ್ರ, ಆಮೇಲೆ ವರ್ಷವಿಡೀ. ಕೊನೆಕೊನೆಗೆ ಕತ್ತರಿ ಹಿಡಿದರೆ ರೋಗಿಗಿಂತ ಮೊದಲು ನನ್ನ ಕೈಯಲ್ಲೇ ರಕ್ತ ಕಾಣುತ್ತಿತ್ತು. ಈ ಕೆಲಸಕ್ಕೆ ಯೋಗ್ಯನಲ್ಲ ಎಂದು ಸರ್ಟಿಫಿಕೇಟು ಬರೆದುಕೊಟ್ಟ ಡಾಕ್ಟರು, ಕೈ ಕುಲುಕಲೆಂದು ಬಂದವರು, ನನ್ನ ಕೈ ನೋಡಿ ಹೆಗಲು ತಟ್ಟಿ ಕಳಿಸಿದರು.

ನನ್ನ ಜಾಗಕ್ಕೆ ಬಂದಿರುವ ಹತ್ತೊಂಬತ್ತರ ಹುಡುಗ ಹೋದ ಭಾನುವಾರ ಯಳಂದೂರಿಗೆ ಬಂದು, ಅಕ್ಕನ ಮನೆಯಲ್ಲಿದ್ದ ನನ್ನನ್ನು ಹುಡುಕಿ, "ಅಣ್ಣಾ, ಪುಸ್ತಕದಾಗೆ ಇಲ್ದೇ ಇರೋದು ಏನಾರ ಇದ್ರೆ ಹೇಳಿ" ಎಂದು ಕೇಳಿದ. ಬಾಯಲ್ಲಿ ಹೇಳಲು ಹೋದರೆ ಕಟ್ಟು ಕಟ್ಟುವ ಬಗೆ ಬಿಟ್ಟು ಬೇರೇನೂ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಬಳಿ ಹತ್ತು ಡೈರಿಗಳಿವೆ, ಒಂದು ದಿನವೂ ತಪ್ಪಿಲ್ಲ. ಯಾವ ವಾರ ಯಾವ ಗಾಯ, ಎಷ್ಟು ಹೊಲಿಗೆ, ಎಷ್ಟು ದಿನಕ್ಕೆ ಮಾಯಿತು, ಎಲ್ಲ ಇದೆ. ಇಲ್ಲದಿರುವುದು ಒಂದೇ. ಹದಿಮೂರರಿಂದ ಹತ್ತೊಂಬತ್ತರ ನಡುವಿನ ಮಕ್ಕಳು, ಪೆಟ್ಟಾಗುತ್ತದೆ ಎಂದು ಚೆನ್ನಾಗಿ ಗೊತ್ತಿದ್ದೂ ಯಾಕೆ ಹಾಗೆ ಮಾಡುತ್ತಾರೆ ಎಂಬುದಕ್ಕೆ ಉತ್ತರ. ಅದು ಸಿಗದೆಯೇ ನಾನು ಕೆಲಸ ಬಿಟ್ಟೆ. ಬಂದವನಿಗೆ ಇದನ್ನೇ ಮೊದಲು ಹೇಳಬೇಕು ಅನ್ನಿಸಿತು.

ನಾನಿದ್ದದ್ದು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಒಂದು ಸಣ್ಣ ಡಿಸ್ಪೆನ್ಸರಿ. ಊರಿನ ಹೆಸರು ಬೇಡ. ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರ್, ನಾನು, ಆಯಾ ಚಿಕ್ಕತಾಯಮ್ಮ, ನಾಲ್ಕು ಮಂಚ. ನಮ್ಮದು ಮದರಾಸು ಸರ್ಕಾರ, ಹತ್ತಾರು ಮೈಲಿ ಆಚೆಯ ಯಳಂದೂರು ಮೈಸೂರು ಸರ್ಕಾರ. ಹಾಗಾಗಿ ಡಾಕ್ಟರು ಈರೋಡು ಕಡೆಯಿಂದ ಬಂದವರು. ಅವರ ಕನ್ನಡ ತಮಿಳಿನ ಮೇಲೆ ಕೂತು ಬರುತ್ತಿತ್ತು, ಆದರೆ ಬೈಗುಳಕ್ಕೆ ಮಾತ್ರ ಶುದ್ಧ ಕನ್ನಡ ಬಳಸುತ್ತಿದ್ದರು.

ಮೊದಲ ವಾರದ ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಆಲೆಮನೆಯ ಗಾಣಕ್ಕೆ ಬೆರಳು ಕೊಟ್ಟ ಹುಡುಗನೊಬ್ಬ ಬಂದ. ಕೈಯೆಲ್ಲ ರಕ್ತ. ನಾನು ಪುಸ್ತಕದಲ್ಲಿ ಓದಿದ್ದಂತೆ ಬೆರಳ ತುದಿಯಿಂದ ಶುರುಮಾಡಿ, ಎಂಟರ ಆಕಾರದಲ್ಲಿ ಸುತ್ತಿ, ಮಣಿಕಟ್ಟಿನ ಬಳಿ ಗಂಟು ಹಾಕಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಚೆನ್ನಾಗಿತ್ತು.

"ಸಾ," ಎಂದ ಅವನು, "ಜಜ್ಜೋಗಿರೋದು ಪಕ್ಕದ್ ಬೆರಳು."

"ಮೊದಲೇ ಹೇಳಬಾರದೇನ್ಲಾ?"

"ನೀವು ಅಷ್ಟ್ ಚೆಂದಾಗಿ ಸುತ್ತತಾ ಇದ್ರಿ."

ಮೊದಲು ತೊಳೆ, ಆಮೇಲೆ ನೋಡು, ಆಮೇಲೆ ಸುತ್ತು. ಅವತ್ತು ಡೈರಿಯಲ್ಲಿ ಇಷ್ಟೇ ಬರೆದೆ. ಅದೇ ಹುಡುಗನನ್ನು ಗಾಣಕ್ಕೆ ಯಾಕೆ ಬೆರಳು ಕೊಟ್ಟೆ ಎಂದು ಕೇಳಿದ್ದೆ. ಕಬ್ಬು ತಿರುಗುವಾಗ ಎಷ್ಟು ಹತ್ತಿರದವರೆಗೆ ಹಿಡಿದುಕೊಂಡಿರಬಹುದು ಎಂದು ನೋಡುತ್ತಿದ್ದನಂತೆ. "ಯಾಕೆ?" ಎಂದೆ. "ಸುಮ್ನೆ ಸಾ" ಎಂದ.

ಈ ಮಾತಿನ ಬಗ್ಗೆ ಹೊಸಬರು ಎಚ್ಚರವಾಗಿರಬೇಕು. ನಮ್ಮ ಗಾಯದ ರಿಜಿಸ್ಟರಿಗೆ ಏಳು ಕಾಲಂ: ನಂಬರು, ತಾರೀಕು, ಹೆಸರು, ವಯಸ್ಸು, ಊರು, ಗಾಯ, ಕಾರಣ. ಆರು ಕಾಲಂ ತುಂಬಲು ಎರಡು ನಿಮಿಷ ಸಾಕು. ದೊಡ್ಡವರ ಗಾಯವಾದರೆ ಏಳನೆಯದೂ ಸುಲಭ: ಮಚ್ಚು ಜಾರಿತು, ಎತ್ತು ಹಾಯಿತು, ಮೆಟ್ಟಿಲು ತಪ್ಪಿತು. ಹುಡುಗರು ಬಂದರೆ ಪೆನ್ನು ನಿಂತುಬಿಡುತ್ತಿತ್ತು.

ಯುದ್ಧದ ಕೊನೆಯ ದಿನಗಳಲ್ಲಿ ಪೆಟ್ರೋಲು ಸಿಗದೆ ಹನೂರಿಗೆ ಇದ್ದಿಲು ಬಸ್ಸು ಓಡುತ್ತಿತ್ತು. ಹಿಂಭಾಗದಲ್ಲಿ ಒಂದು ದೊಡ್ಡ ಕಬ್ಬಿಣದ ಉರುಳೆ, ಅದರೊಳಗೆ ಕೆಂಡ. ಏರು ಬಂದಾಗ ಬಸ್ಸು ಮನುಷ್ಯರಿಗಿಂತ ನಿಧಾನ. ಒಂದು ಮಂಗಳವಾರ ಮೂರು ಹುಡುಗರು ಬಂದರು, ಮೂವರ ಬಲ ಅಂಗೈಯಲ್ಲೂ ಒಂದೇ ಆಕಾರದ ಸುಟ್ಟ ಗಾಯ. ಬಸ್ಸಿನ ಹಿಂದಿನ ಏಣಿಗೆ ನೇತುಬಿದ್ದು, ಉರುಳೆಯ ಮೇಲೆ ಅಂಗೈ ಇಟ್ಟು, ಹತ್ತರವರೆಗೆ ಎಣಿಸುವ ಆಟ.

"ಬಿಸಿ ಇರ್ತದೆ ಅಂತ ಗೊತ್ತಿರಲಿಲ್ವೇನ್ರೋ?"

"ಗೊತ್ತಿತ್ತು ಸಾ. ತಣ್ಣಗಿದ್ರೆ ಎಣಿಸಿ ಏನ್ ಬಂತು?"

"ಮತ್ತೆ ಯಾಕೆ ಇಟ್ಟಿರಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಸುಮ್ನೆ" ಎಂದರು.

ನಾನು ಕಾಲಂನಲ್ಲಿ ಒಂದು ಗೆರೆ ಎಳೆದೆ. ತಿಂಗಳ ಕೊನೆಗೆ ಡಾಕ್ಟರು ರಿಜಿಸ್ಟರ್ ತಿರುವಿ ಕರೆದರು. "ಏನಪ್ಪಾ ಇದು, ಎಲ್ಲಾ ಗೆರೆ? ನಾಳೆ ಇನ್ಸ್‌ಪೆಕ್ಷನ್‌ಗೆ ಬಂದೋರು ಕೇಳಿದ್ರೆ ಗೆರೆ ತೋರಿಸೋದಾ?"

"ಸುಮ್ಮನೆ ಅಂತಾರೆ ಸಾರ್. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯೋದು ಅಂತ ಗೊತ್ತಾಗಲಿಲ್ಲ."

"ಬರೀಬೇಡ. ಅದು ಕಾರಣವೇ ಇಲ್ಲ. ನಮ್ಮ ಊರಲ್ಲೂ ಹೇಳ್ತಾವೆ, 'ಸುಮ್ಮಾ' ಅಂತ. ಸುಮ್ಮಾ ಅಂದ್ರೆ ನಿನಗೆ ಹೇಳಕ್ಕೆ ಇಷ್ಟ ಇಲ್ಲ ಅಂತ ಅರ್ಥ. ಇನ್ನೊಂದ್ಸಲ ಕೇಳು. ಕಾರಣ ಇಲ್ಲದೆ ಎಲೆ ಅಲ್ಲಾಡಲ್ಲ, ಹುಡುಗ ಮರದಿಂದ ಬೀಳ್ತಾನಾ? ಹೋಗು, ಮುಂಡೇದೆ."

ಅಂದಿನಿಂದ ಬೇರೆ ನೋಟುಬುಕ್ಕು ಮಾಡಿದೆ. ಹುಡುಗರದು ಮಾತ್ರ. ನನಗೆ ಲೆಕ್ಕ ಹಾಕದಿದ್ದರೆ ಸಮಾಧಾನವಿಲ್ಲ. ಮನೆಯಲ್ಲಿ ನಾನು ಎಷ್ಟನೇ ವಯಸ್ಸಿನಲ್ಲಿ ಮರ ಹತ್ತಿದೆ ಎಂದು ಕೇಳಿದರೆ, ಹತ್ತಿಲ್ಲ ಎಂದೇ ಉತ್ತರ. ನಾನು ಹುಡುಗನಾಗಿದ್ದಾಗ ಮರದ ಕೆಳಗೆ ಕೂತು, ಹತ್ತಿದವರು ಎಷ್ಟು ಹಣ್ಣು ಬೀಳಿಸಿದರು ಎಂದು ಎಣಿಸುತ್ತಿದ್ದವನು.

ಮೊದಲ ವರ್ಷ ನನ್ನ ಊಹೆ: ಅಪಾಯ ಗೊತ್ತಿಲ್ಲದೆ ಮಾಡುತ್ತಾರೆ. ಪರೀಕ್ಷಿಸಲು ಪ್ರತಿಯೊಬ್ಬನನ್ನೂ, "ಏನಾಗಬಹುದಿತ್ತು ಹೇಳು" ಎಂದು ಕೇಳತೊಡಗಿದೆ. ಮಾಂಬಳ್ಳಿಯ ಒಬ್ಬ ಹುಡುಗ, ಇಳಿಜಾರಿನಲ್ಲಿ ಕಣ್ಣು ಮುಚ್ಚಿ ಬಾಡಿಗೆ ಸೈಕಲ್ ಬಿಟ್ಟು ಮೊಣಕೈ ಒಡೆದುಕೊಂಡು ಬಂದಿದ್ದ. (ಮೈಸೂರು ಸರ್ಕಾರದಲ್ಲಿ ಬಿದ್ದವನಿಗೆ ಮದರಾಸು ಸರ್ಕಾರದ ಬ್ಯಾಂಡೇಜು ಯಾಕೆ ಎಂದು ಡಾಕ್ಟರು ಗೊಣಗಿದರು, ಆದರೆ ಹೊಲಿಗೆಯನ್ನು ತಾವೇ ಹಾಕಿದರು.) ಅವನು ಉತ್ತರ ಹೇಳಿದ್ದು ಹೀಗೆ: ಇಳಿಜಾರಿನ ಬಲಕ್ಕೆ ಎರಡು ಮೈಲಿಗಲ್ಲಿನಷ್ಟು ದಪ್ಪದ ಬಂಡೆ, ತಲೆ ಹೊಡೆದರೆ ಬದುಕಲ್ಲ, ಎಡಕ್ಕೆ ಕಳ್ಳಿ, ಕಣ್ಣು ಹೋಗುತ್ತೆ, ಕೆಳಗೆ ಗಾಡಿ ಬಂದರೆ ಎತ್ತಿನ ಕೊಂಬು. ನಾನು ಆ ದಾರಿಯಲ್ಲಿ ನೂರು ಸಲ ಹೋಗಿದ್ದೇನೆ, ಆ ಬಂಡೆಯನ್ನು ನೋಡಿಯೇ ಇರಲಿಲ್ಲ. ಗೊತ್ತಿಲ್ಲದವನು ನಾನೇ ಆಗಿದ್ದೆ. ಆ ಊಹೆಯನ್ನು ಹೊಡೆದುಹಾಕಿದೆ.

ಚಿಕ್ಕತಾಯಮ್ಮನ ಅಭಿಪ್ರಾಯ ಬೇರೆ. ಬಟ್ಟೆ ಕುದಿಸುವ ಅಂಡೆಯ ಮುಂದೆ ಕೂತು ಹೇಳಿದಳು: "ಡ್ರೆಸರಪ್ಪಾ, ನೀನ್ ಏನ್ ಬರ್ಕಂಡ್ರೂ ಅಷ್ಟೇ. ಅದು ಮೀಸೆ ಮೂಡೋ ಕಾಲ. ಒಳಗೆ ಕುದೀತದೆ, ಎಲ್ಲಾರ ಒಂದ್ ಕಡೆ ಉಕ್ಕಲೇಬೇಕು."

"ಹಾಗಾದ್ರೆ ನಿನ್ನೆ ಹುಣಸೆ ಮರದಿಂದ ಬಿದ್ದಳಲ್ಲ, ಅವಳಿಗೆ ಯಾವ ಮೀಸೆ?"

ಹದಿನಾಲ್ಕರ ಹುಡುಗಿ. ಹಣ್ಣಿನ ಕಾಲವೂ ಅಲ್ಲ. ಮರದ ತುತ್ತತುದಿಗೆ ಹತ್ತಿದ್ದಳು. ಮುರಿದದ್ದು ಪಕ್ಕೆಲುಬು ಎರಡು. ಚಿಕ್ಕತಾಯಮ್ಮ ಕೋಲಿನಿಂದ ಬಟ್ಟೆ ತಿರುವುತ್ತ, "ಅವ್ಳಿಗೆ ಮದುವೆ ಗೊತ್ತಾಗಿದೆ ಕಣಪ್ಪಾ. ಬರೋ ತಿಂಗ್ಳಿಂದ ಮರ ಅತ್ತಂಗಿಲ್ಲ" ಎಂದಳು.

ಅದನ್ನು ಯಾವ ಸಾಲಿನಲ್ಲಿ ಸೇರಿಸಬೇಕೋ ತಿಳಿಯದೆ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. ಈಗಲೂ ಅಲ್ಲೇ ಇದೆ.

ನಾಲ್ಕನೇ ವರ್ಷ ಬೆಟ್ಟದ ಸೋಲಿಗ ಬೇದಯ್ಯ ಬಂದ. ಐವತ್ತು ದಾಟಿದವನು, ಕಾಲಿಗೆ ಮುಳ್ಳು ಮುರಿದು ಕೀವಾಗಿತ್ತು. ನಾಲ್ಕು ದಿನ ಡ್ರೆಸ್ಸಿಂಗಿಗೆ ಬಂದ. ಅಷ್ಟು ಹೊತ್ತಿಗೆ ನಮ್ಮಲ್ಲಿ ಹಳದಿ ಅಯೊಡೋಫಾರ್ಮ್ ಹೋಗಿ ಬಿಳಿ ಸಲ್ಫಾ ಪುಡಿ ಬಂದಿತ್ತು. ಆಸ್ಪತ್ರೆಯ ವಾಸನೆಯೇ ಬದಲಾಗಿತ್ತು. ಪುಡಿ ಉದುರಿಸುತ್ತ, ಕಡಿದಾದ ಬಂಡೆಗೆ ಹಗ್ಗ ಬಿಟ್ಟು ಜೇನು ಕೀಳುವವರು ನೀವು, ನಿಮ್ಮ ಹುಡುಗರು ಯಾಕೆ ನಮ್ಮಲ್ಲಿಗೆ ಕೈಕಾಲು ಮುರಿದುಕೊಂಡು ಬರುವುದಿಲ್ಲ ಎಂದು ಕೇಳಿದೆ.

"ಬೀಳ್ತಾವೆ ಬುದ್ದಿ, ಬೀಳ್ದೇ ಇರ್ತವಾ," ಎಂದ. "ಆದ್ರೆ ನಾವು ಹಗ್ಗ ನೋಡಿ ಇಳಿಯಲ್ಲ. ಮ್ಯಾಲೆ ಹಗ್ಗ ಇಡ್ಕಂಡೋನು ಯಾರು ಅಂತ ನೋಡಿ ಇಳೀತೀವಿ. ನನ್ ಹಗ್ಗ ನನ್ನೆಂಡ್ರ ತಮ್ಮನೇ ಇಡೀಬೇಕು. ಅವ ಇದ್ದ ಅಂದ್ರೆ ಇಳೀತೀನಿ, ಇಲ್ಲಾ ಅಂದ್ರೆ ಮನೇಲಿರ್ತೀನಿ."

ಅವತ್ತು ಮನೆಗೆ ಹೋಗಿ ನೋಟುಬುಕ್ಕನ್ನು ಮೊದಲಿಂದ ನೋಡಿದೆ. ಯಾರ ಜೊತೆಗಿದ್ದಾಗ ಪೆಟ್ಟಾಯಿತು ಎಂದು ನಾನು ಕೇಳಿರಲೇ ಇಲ್ಲ, ಆದರೆ ಮಾತಿನ ನಡುವೆ ಬಂದದ್ದನ್ನು ಬರೆದುಕೊಂಡಿದ್ದೆ. ಎಣಿಸಿದೆ. ಹಾಗೆ ಬರೆದಿದ್ದ ಮೂವತ್ತೊಂದು ಹುಡುಗರಲ್ಲಿ ಇಪ್ಪತ್ತಾರು ಮಂದಿಯ ಪಕ್ಕದಲ್ಲಿ ಯಾರೋ ಒಬ್ಬ ಓರಗೆಯವನಿದ್ದ. ದೊಡ್ಡವರಿದ್ದದ್ದು ಒಂದೇ ಒಂದು ಕಡೆ. ನನಗೆ ಸಿಕ್ಕಿತು ಅನ್ನಿಸಿತು. ಕಾರಣ ಹುಡುಗನ ಒಳಗಿಲ್ಲ, ಪಕ್ಕದಲ್ಲಿ ನಿಂತಿದೆ! ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. "ಯಾಕೆ ಮಾಡಿದೆ" ಎಂಬುದನ್ನು ಬಿಟ್ಟು "ಜೊತೇಲಿ ಯಾರಿದ್ದರು" ಎಂದು ಕೇಳತೊಡಗಿದೆ. ಏಳನೇ ಕಾಲಂ ತುಂಬತೊಡಗಿತು. ಡಾಕ್ಟರೂ ಖುಷಿಯಾದರು.

ಇನ್ನು ಹೇಳಬೇಕಾದ್ದು ಇದರಿಂದ ಆದ ಅನಾಹುತ.

ಐದನೇ ವರ್ಷದ ಮಾರ್ಚ್ ತಿಂಗಳು, ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆ. ಮಧುವನಹಳ್ಳಿ ಕಡೆಯ ತೋಟವೊಂದರಿಂದ ಶಿವಮಲ್ಲ ಎಂಬ ಹದಿನಾರರ ಹುಡುಗನನ್ನು ಮಂಚದ ಮೇಲೆ ಹೊತ್ತು ತಂದರು. ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುವ ಕಪಿಲೆ ಬಾವಿ. ಬಾಯಿಯ ಮೇಲೆ ಗಾಲಿ ಕೂರಿಸುವ ಅಡ್ಡಮರ. ಆ ಅಡ್ಡಮರದ ಮೇಲೆ ನಿಂತು ಬಾವಿಗೆ ಹಾರಿದ್ದ. ಬೇಸಿಗೆ, ನೀರು ಕಡಿಮೆ. ಒಳಗಿನ ಮೆಟ್ಟಿಲ ಕಲ್ಲಿಗೆ ಎಡಗಾಲು ತಗುಲಿ ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದು, ಚರ್ಮ ಸೀಳಿ ಬಂದಿತ್ತು.

ಡಾಕ್ಟರು ಮೂಳೆ ಎಳೆದು ಕೂರಿಸುವಾಗ ನಾನು ತೊಡೆ ಹಿಡಿದುಕೊಂಡಿದ್ದೆ. ಹುಡುಗ ಹಲ್ಲು ಕಚ್ಚಿಕೊಂಡಿದ್ದ. ಗಾಯ ತೊಳೆದೆ, ಪುಡಿ ಹಾಕಿದೆ, ಬಿದಿರ ದಬ್ಬೆ ಇಟ್ಟು ಕಟ್ಟಿದೆ. ಆಮೇಲೆ ರಿಜಿಸ್ಟರ್ ತೆರೆದೆ.

"ಯಾಕ್ಲಾ ಹಾರ್ದೆ?"

"ಸುಮ್ನೆ."

"ಜೊತೇಲಿ ಯಾರಿದ್ರು?"

ಕಣ್ಣು ಮುಚ್ಚಿಕೊಂಡು, "ಮಾದ ಇದ್ದ" ಎಂದ.

ಏಳನೇ ಕಾಲಂನಲ್ಲಿ ನಾನು ಇಂಗ್ಲಿಷಿನಲ್ಲಿ ನಾಲ್ಕು ಪದ ಬರೆದೆ. ಕನ್ನಡದಲ್ಲಿ ಹೇಳುವುದಾದರೆ, "ಜೊತೆಗಿದ್ದ ಮಾದನ ದೆಸೆಯಿಂದ." ನನ್ನ ಲೆಕ್ಕದ ಪ್ರಕಾರ ಅದು ಸರಿಯಾಗಿತ್ತು. ಇನ್ನೊಂದು ನಿಯಮವೂ ಇತ್ತು: ಕಾರಣದ ಕಾಲಂನಲ್ಲಿ ಇನ್ನೊಬ್ಬ ಮನುಷ್ಯನ ಹೆಸರಿದ್ದು, ಮೂಳೆ ಮುರಿದಿದ್ದರೆ, ಪೊಲೀಸು ಸ್ಟೇಷನ್ನಿಗೆ ಚೀಟಿ ಹೋಗಬೇಕು. ಅಲ್ಲಿಯವರೆಗೆ ಜೊತೆಗಾರರ ಹೆಸರು ಬರೆದದ್ದೆಲ್ಲ ಸಣ್ಣ ಗಾಯಗಳಿಗೆ. ಈ ಸಲ ಮೂಳೆ ಮುರಿದಿತ್ತು. ನಾನು ನಿಯಮ ತಪ್ಪಿದವನಲ್ಲ. ಹನ್ನೆರಡು ಗಂಟೆಗೆ ಚೀಟಿ ಬರೆದು ಕಳಿಸಿದೆ. ಡೈರಿಯಲ್ಲಿ ಅದೂ ಇದೆ: "ಚೀಟಿ ಕಳಿಸಿದೆ, ಹನ್ನೆರಡು ಗಂಟೆ." ಪಕ್ಕದಲ್ಲಿ ಒಂದು ಸರಿ ಗುರುತು.

ಆ ಸಂಜೆಯಿಂದ ಶಿವಮಲ್ಲನಿಗೆ ಜ್ವರ ಏರಿತು. ಗಾಯ ಕೆಂಪಾಗಿ ಊದಿತು. ಕೊಳೆತ ವಾಸನೆ ಬರುತ್ತಿದೆಯೇ ಎಂದು ಡಾಕ್ಟರು ಎರಡು ಹೊತ್ತೂ ಕಾಲು ಮೂಸಿ ನೋಡಿ, ನನ್ನ ಕಡೆ ತಿರುಗದೆ ಹೋಗುತ್ತಿದ್ದರು. ಹುಡುಗ ಏನೇನೋ ಬಡಬಡಿಸುತ್ತಿದ್ದ, ಕೇಳಿದ್ದಕ್ಕೆ ಉತ್ತರವಿಲ್ಲ.

ಬುಧವಾರ ಬೆಳಿಗ್ಗೆ ಒಬ್ಬ ಹೆಂಗಸು ಬಂದು ನನ್ನ ಮೇಜಿನ ಮುಂದೆ ನಿಂತಳು. ಕೈಯಲ್ಲಿ ಕುಡುಗೋಲಿತ್ತು; ಹೊಲದಿಂದ ನೇರ ಬಂದಿದ್ದಳು.

"ಬರ್ಕೊಳೋರು ನೀವೇನಾ ಸಾ?"

"ಹೌದಮ್ಮಾ. ಎಲ್ಲಿ ಗಾಯ?"

"ನಂಗ್ಯಾವ್ ಗಾಯನೂ ಇಲ್ಲ. ನಾನು ಮಾದನ ಅವ್ವ, ಸಿದ್ದಮ್ಮ. ನನ್ ಮಗನ್ ಮ್ಯಾಲೆ ಅದೇನ್ ಬರ್ದಿದ್ದೀರಿ, ವಸಿ ಓದಿ ಹೇಳಿ."

ಹದಿನೈದರ ಮಾದನನ್ನು ಮಂಗಳವಾರವೇ ಕರೆಸಿದ್ದರು. ದಿನಾ ಬೆಳಿಗ್ಗೆ ಹೋಗಿ ಸ್ಟೇಷನ್ ಜಗಲಿಯ ಮೇಲೆ ಕೂರಬೇಕು, ಸಂಜೆ ಸೋದರಮಾವ ಜಾಮೀನು ಹೇಳಿ ಕರೆದುಕೊಂಡು ಹೋಗಬೇಕು. ಸೋಮವಾರ ಸಬ್ ಮ್ಯಾಜಿಸ್ಟ್ರೇಟರ ಮುಂದೆ. ಇವನೇ ತಳ್ಳಿದ್ದಾನೆ ಇಲ್ಲವೇ ಹುರಿದುಂಬಿಸಿದ್ದಾನೆ, ಸರ್ಕಾರಿ ಪುಸ್ತಕದಲ್ಲಿ ಬಂದಿದೆ ಎಂದು ಹೆಡ್ ಕಾನ್‌ಸ್ಟೇಬಲ್ ಹೇಳಿದ್ದನಂತೆ. ಕಾಲು ತೆಗೆಯಬೇಕಾಗಿ ಬಂದರೆ ಹುಡುಗರ ಜೈಲು ಖಂಡಿತ, ಅದು ಇಲ್ಲೆಲ್ಲೂ ಇಲ್ಲ, ಮದರಾಸಿನ ಹತ್ತಿರ.

ನಾನು ಓದಿ ಹೇಳಿದೆ. ಕನ್ನಡದಲ್ಲಿ ಓದುವಾಗ ಅದು ನಾನು ಬರೆದದ್ದಲ್ಲ ಅನ್ನಿಸಿತು.

"ಅವ ಅಂಗಂದ್ನಾ? ಮಲ್ಲ ಅಂಗಂದ್ನಾ?" ಎಂದಳು ಸಿದ್ದಮ್ಮ. "ಒಂದೇ ತಟ್ಟೇಲಿ ಉಂಡೋವು ಸಾ ಅವು."

"'ಮಾದ ಇದ್ದ' ಅಂದ."

"ಇದ್ದ ಅಂದ್ರೆ?"

ನಾನು ರಿಜಿಸ್ಟರ್ ಮುಚ್ಚಿದೆ. ಅವಳು ಜ್ವರದಲ್ಲಿ ಮಲಗಿದ್ದ ಶಿವಮಲ್ಲನ ಮಂಚದ ಬಳಿ ಹೋಗಿ, ಬೈಯುತ್ತಾಳೇನೋ ಎಂದುಕೊಂಡರೆ, ಅವನ ಹಣೆಯ ಮೇಲಿನ ಒದ್ದೆ ಬಟ್ಟೆ ತಿರುವಿ ಹಾಕಿ ಹೊರಟುಹೋದಳು.

ಗುರುವಾರ ನಾನೇ ಸ್ಟೇಷನ್ನಿಗೆ ಹೋದೆ. ಮಾದ ಜಗಲಿಯ ಮೂಲೆಯಲ್ಲಿ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದ. ತೆಳ್ಳಗಿನ ಹುಡುಗ. ನಾನು ಯಾರೆಂದು ಹೇಳಿದೆ. ಅವನು ಮೊದಲು ಕೇಳಿದ್ದು, "ಅವನ್ ಕಾಲು ಉಳೀತದಾ ಸಾ?"

"ನೋಡಬೇಕು. ನೀನು ತಳ್ಳಿದೆಯಾ?"

"ಇಲ್ಲ."

"ಹಾರು ಅಂದೆಯಾ?"

"ಇಲ್ಲ."

"ಮತ್ತೆ ಏನಂದೆ?"

ಅವನು ನೆಲ ನೋಡಿದ. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಒಳಗಿನಿಂದ, "ನಂಗೂ ಅಷ್ಟೇ ಕಣ್ರೀ ಏಳೋದು. ತಪ್ಪಿಲ್ದಿದ್ರೆ ಬಾಯಿ ಯಾಕ್ ಮುಚ್ಕತಾನೆ?" ಎಂದ. ನನಗೂ ಅದೇ ಸಂಶಯ ಬಂತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಜ್ವರ ಇಳಿಯಿತು. ಡಾಕ್ಟರು ಕಾಲು ಮೂಸಿ, ಮೊದಲ ಸಲ ನನ್ನ ಕಡೆ ನೋಡಿ ತಲೆ ಆಡಿಸಿದರು. ಅವರು ಹೋದ ಕೂಡಲೇ ನಾನು ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಶಿವಮಲ್ಲ ಎದ್ದು ಕೂರಲು ಹೋಗಿ ನೋವಿಗೆ ಬಿದ್ದ.

"ಮಾದನ್ನ ಯಾಕ್ ಸಾ ಇಡ್ಕಂಡವ್ರೆ? ಅವ ಬ್ಯಾಡ ಅಂದ!"

"ಏನು?"

"ನಾನ್ ಮರದ್ ಮ್ಯಾಲೆ ನಿಂತಿದ್ನಾ, ಅವ ಕೆಳಗಿಂದ 'ಬ್ಯಾಡ ಕಣ್ಲಾ ಮಲ್ಲ, ಇಳೀಲಾ' ಅಂದ."

"ಮತ್ತೆ ಯಾಕಪ್ಪಾ ಹಾರಿದೆ?"

"ಅವ ಬ್ಯಾಡ ಅಂದ ಮ್ಯಾಲೆ ನಾನ್ ಇಳಿಯಾಕಾಯ್ತದಾ ಸಾ?" ಎಂದ, ನನಗೆ ಬುದ್ಧಿ ಕಡಿಮೆಯೇನೋ ಎಂಬಂತೆ.

ನನ್ನ ಇಪ್ಪತ್ತಾರರ ಲೆಕ್ಕ ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ನಿಂತವನು ಕಾರಣವೇ ಹೌದು, ಆದರೆ ಅವನು ಬೇಡ ಎಂದಿದ್ದ! ಇದನ್ನು ಯಾವ ಕಾಲಂ ಹಿಡಿಯುತ್ತದೆ?

ಮಧ್ಯಾಹ್ನ ಸ್ಟೇಷನ್ನಿಗೆ ಓಡಿದೆ. "ಬೇಡ ಅಂದೆಯಂತಲ್ಲ, ಅದನ್ನು ಯಾಕೋ ಹೇಳಲಿಲ್ಲ? ನಾಲ್ಕು ದಿನ ಇಲ್ಲಿ ಕೂತಿದ್ದೀಯಲ್ಲೋ!" ಮಾದನ ಮುಖ ಕೆಂಪಾಯಿತು. ಕಾನ್‌ಸ್ಟೇಬಲಿಗೆ ಕೇಳದಂತೆ ಪಿಸುಗುಟ್ಟಿದ: "ಬ್ಯಾಡ ಅಂದೆ ಅಂದ್ರೆ ನಾನು ಎದುರ್ಕಂಡೆ ಅಂತಾಯ್ತದೆ ಸಾ. ಊರಲ್ಲಿ ಗೊತ್ತಾದ್ರೆ..."

ಮದರಾಸಿನ ಜೈಲಿಗೆ ಹೆದರದ ಹುಡುಗ, ಹೆದರಿದ ಎಂಬ ಮಾತಿಗೆ ಹೆದರಿದ್ದ. ಅವತ್ತಿನ ಡೈರಿ ಪುಟದಲ್ಲಿ ಈ ಒಂದು ಸಾಲು ಬಿಟ್ಟು ಬೇರೇನೂ ಇಲ್ಲ.

ಡಾಕ್ಟರಿಗೆ ಹೇಳಿದೆ. ಅವರ ಶುದ್ಧ ಕನ್ನಡವನ್ನೆಲ್ಲ ಕೇಳಿಸಿಕೊಂಡೆ. ರಿಜಿಸ್ಟರಿನಲ್ಲಿ ಅಳಿಸುವಂತಿಲ್ಲ, ಗೀಚುವಂತಿಲ್ಲ. ತಪ್ಪು ಬರೆದವನೇ ಹೋಗಿ ಮ್ಯಾಜಿಸ್ಟ್ರೇಟರ ಎದುರು ಹೇಳಬೇಕು, ಡಾಕ್ಟರು ಸರಿಪಡಿಸಿ ಸಹಿ ಹಾಕಬೇಕು. "ನಿನ್ನ ಕೆಲಸ ಹೋದರೆ ನನ್ನನ್ನು ಕೇಳಬೇಡ," ಎಂದರು.

ಸೋಮವಾರ ರಿಜಿಸ್ಟರನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಇಬ್ಬರೂ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋದೆವು. ಕಚೇರಿಯ ಹೊರಗೆ ಮಾದ, ಸಿದ್ದಮ್ಮ, ಸೋದರಮಾವ. ಸಿದ್ದಮ್ಮ ಮಗನಿಗೆ ಇಸ್ತ್ರಿಯಿಲ್ಲದ ಒಗೆದ ಅಂಗಿ ತೊಡಿಸಿ, ತಲೆಗೆ ಎಣ್ಣೆ ಹಾಕಿ ಬಾಚಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು.

ಮ್ಯಾಜಿಸ್ಟ್ರೇಟರು ತಮಿಳರು, ಕನ್ನಡಕದವರು. ನಾನು ನಡೆದದ್ದನ್ನು ತಾರೀಕು, ಗಂಟೆ ಸಮೇತ ಹೇಳಿದೆ. ಅವರು ಪೂರ್ತಿ ಕೇಳಿ, "ಹಾಗಾದರೆ ಹುಡುಗ ಹಾರಿದ್ದಕ್ಕೆ ಕಾರಣ ಏನು? ಇದನ್ನು ಹೊಡೆದುಹಾಕಿದರೆ ಆ ಜಾಗದಲ್ಲಿ ಏನು ಬರೆಯೋದು?" ಎಂದರು.

ನಾನು ಡಾಕ್ಟರ ಮುಖ ನೋಡಿದೆ. ಡಾಕ್ಟರು ಮೇಲಿನ ಜಂತಿ ನೋಡಿದರು. ಗಂಟಲು ಸರಿಮಾಡಿಕೊಂಡು, ಬಹಳ ಮೆಲ್ಲಗೆ, ತಮಿಳಿನಲ್ಲೇ, "ಸುಮ್ಮಾದಾನ್ ಸಾರ್" ಎಂದರು.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. ನಗುತ್ತಿದ್ದರು. ನನ್ನ ಕಡೆ ತಿರುಗಿ, "ನಿನಗೆ ಎಷ್ಟು ವಯಸ್ಸಪ್ಪಾ?" ಎಂದರು.

"ಇಪ್ಪತ್ತಮೂರು ಸಾರ್."

"ಹದಿನಾರರಲ್ಲಿ ನೀನು ಏನು ಮಾಡಿದ್ದೆ?"

"ಏನೂ ಇಲ್ಲ ಸಾರ್."

"ಏನೂ? ಗೋಡೆ ಹಾರೋದು, ಬಾವಿಗೆ ಇಳಿಯೋದು..."

"ಇಲ್ಲ ಸಾರ್."

ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು, ಗಾಯ ಆಗಿರುವುದು ನನಗೇ ಎಂಬಂತೆ. ಆಮೇಲೆ ಮ್ಯಾಜಿಸ್ಟ್ರೇಟರು ಈರೋಡಿನ ರೈಲು ಸೇತುವೆಯ ಮಾತು ತೆಗೆದರು. ಹದಿನೈದರಲ್ಲಿ ಗೆಳೆಯರೊಂದಿಗೆ, ರೈಲು ಬರುವ ಹೊತ್ತು ನೋಡಿಕೊಂಡೇ, ಕಾವೇರಿಯ ಮೇಲೆ ಹಳಿಗುಂಟ ನಡೆಯುತ್ತಿದ್ದರಂತೆ. ಡಾಕ್ಟರು ಕುರ್ಚಿ ಮುಂದೆಳೆದು, ಆ ಸೇತುವೆ ತಮಗೂ ಗೊತ್ತು, ರೈಲು ಬಂದಾಗ ಪಕ್ಕಕ್ಕೆ ನಿಂತುಕೊಳ್ಳಲು ನಡುವೆ ಒಂದು ಕಟ್ಟೆಯಿದೆಯಲ್ಲ ಎಂದರು. ಆ ಕಟ್ಟೆಯ ಮೇಲೆ ನಿಂತರೆ ಅದು ಲೆಕ್ಕಕ್ಕಿಲ್ಲ ಎಂದರು ಮ್ಯಾಜಿಸ್ಟ್ರೇಟರು. ತಾವು ನಿಲ್ಲಲಿಲ್ಲ ಎಂದರು ಡಾಕ್ಟರು. ಇಬ್ಬರು ನರೆಗೂದಲ ಅಧಿಕಾರಿಗಳು ತಮಿಳಿನಲ್ಲಿ ಹುಡುಗರಂತೆ ಮಾತಾಡುತ್ತಿದ್ದರೆ, ಬಾಗಿಲಾಚೆ ಸಿದ್ದಮ್ಮ ಒಳಗೆ ಏನು ತೀರ್ಮಾನವಾಗುತ್ತಿದೆಯೋ ಎಂದು ಸೆರಗು ಹಿಂಡುತ್ತಿದ್ದಳು.

"ಯಾಕೆ ನ‌ಡೆದಿರಿ ಸಾರ್?" ಎಂದು ನಾನು ಕೇಳಿಬಿಟ್ಟೆ. ಕೇಳಬಾರದಿತ್ತೇನೋ. ಮ್ಯಾಜಿಸ್ಟ್ರೇಟರು ಯೋಚಿಸಿದರು, ನಿಜವಾಗಿಯೂ ಯೋಚಿಸಿದರು. "ಗೊತ್ತಿಲ್ಲಪ್ಪಾ," ಎಂದು ಕನ್ನಡಕ ಹಾಕಿಕೊಂಡು, ಮಾದನನ್ನು ಒಳಗೆ ಕರೆಸಿ, ಬಾವಿಯ ಹತ್ತಿರ ಹೋಗಕೂಡದೆಂದು ಎಚ್ಚರಿಸಿ ಬಿಟ್ಟರು. ಡಾಕ್ಟರು ನನ್ನ ನಾಲ್ಕು ಪದಗಳ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಸುಮ್ಮಾ' ಎಂದು ಬರೆದು ಸಹಿ ಹಾಕಿದರು. ನನ್ನ ಕೆಲಸ ಉಳಿಯಿತು. ಹೊರಗೆ ಸಿದ್ದಮ್ಮ ಮಗನ ಬೆನ್ನಿಗೆ ಒಂದು ಗುದ್ದಿ, ಅದೇ ಕೈಯಿಂದ ಅವನ ತಲೆ ಸವರಿದಳು.

ಮಾರನೆಯ ದಿನ, ಮಂಗಳವಾರ, ಮಾದ ಡಿಸ್ಪೆನ್ಸರಿಗೆ ಬಂದ. ನಾನು ಶಿವಮಲ್ಲನ ಕಟ್ಟು ಬದಲಿಸುತ್ತಿದ್ದೆ. ಮಂಚದ ಕಾಲಬುಡದಲ್ಲಿ ನಿಂತ. ಅವನು ದಬ್ಬೆ ನೋಡುತ್ತಿದ್ದ, ಮಲಗಿದ್ದವನು ಗೋಡೆ. ನನ್ನ ನಾಲ್ಕು ಪದಗಳು ಇವರ ಸ್ನೇಹವನ್ನು ಮುರಿದುಹಾಕಿದವೇನೋ ಅನ್ನಿಸಿತು. ಮುರಿದ ಮೂಳೆಗಾದರೆ ದಬ್ಬೆ ಕಟ್ಟಬಹುದು.

ಕೊನೆಗೆ ಶಿವಮಲ್ಲ, "ಪೋಲೀಸ್ನೋರು ಒಡುದ್ರಾ?" ಎಂದ.

"ಇಲ್ಲ ಕಣ್ಲಾ. ಮಜ್ಜಿಗೆ ಕೊಟ್ರು."

"ಥೂ, ನಿಂಗೆ ಮಜ್ಜಿಗೆ, ನಂಗೆ ದಬ್ಬೆ."

"ಬ್ಯಾಡ ಅನ್ನಲಿಲ್ವಾ ನಾನು? ಅವತ್ತು ನೀರೆಲ್ಲಿತ್ಲಾ? ಮೂರ್ ಮೆಟ್ಲು ಕಾಣ್ತಿದ್ವು. ಒಂದ್ ಮೆಟ್ಲು ಮುಳುಗಿದ್ರೂ ನಾನ್ ಬ್ಯಾಡ ಅಂತಿರಲಿಲ್ಲ."

"ಎಡಕ್ ಆರ್ಬೇಕಿತ್ತು ಕಣ್ಲಾ. ನಾನ್ ಬಲಕ್ ಆರ್ದೆ."

"ಎಡಕ್ಕಾ? ಎಡಕ್ಕೆ ಬಾನಿ ಕಲ್ಲಿಲ್ವಾ?"

ಇಬ್ಬರೂ ಜೋರಾಗಿ ವಾದಿಸತೊಡಗಿದರು. ಅಡ್ಡಮರ, ಮೆಟ್ಟಿಲು, ನೀರು ಸುರಿಯುವ ಬಾನಿ ಕಲ್ಲು. ಮಾದ ಹೊದಿಕೆಯ ಮೇಲೆ ಬೆರಳಿನಿಂದ ಬಾವಿಯ ನಕ್ಷೆ ಬರೆದು ತೋರಿಸಿದ. ಒಂದು ವಾರದ ಹಿಂದೆ ಒಬ್ಬನ ಕಾಲು, ಇನ್ನೊಬ್ಬನ ಬದುಕು ಹೋಗುವುದರಲ್ಲಿತ್ತು ಎಂಬುದು ಇಬ್ಬರ ಮುಖದಲ್ಲೂ ಇರಲಿಲ್ಲ. ನಾನು ಬ್ಯಾಂಡೇಜಿನ ಉಂಡೆ ಹಿಡಿದುಕೊಂಡು ಅವನನ್ನೊಮ್ಮೆ ಇವನನ್ನೊಮ್ಮೆ ನೋಡುತ್ತಿದ್ದೆ.

"ಸಾ," ಎಂದ ಶಿವಮಲ್ಲ, "ಈ ಕಟ್ಟು ಯಾವತ್ತು ಬಿಚ್ತೀರಾ?"

ನಾನು ಡೈರಿ ತೆಗೆದು ವಾರಗಳನ್ನು ಎಣಿಸಿ, ಏಪ್ರಿಲ್ ಕೊನೆಯ ವಾರ ಎಂದು ಹೇಳಿದೆ. ಅಭ್ಯಾಸ, ಕೇಳಿದರೆ ದಿನ ಹೇಳಿಬಿಡುತ್ತೇನೆ. ಹೇಳಿದ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನು ನೋಡಿದೆ. ಮಾದ ಮಂಚದ ಅಂಚಿಗೆ ಕೂತು, ಒಂದೊಂದೇ ಬೆರಳು ಮಡಚುತ್ತ ಅಲ್ಲಿಯವರೆಗಿನ ಮಳೆಗಳ ಹೆಸರು ಹೇಳತೊಡಗಿದ: "ರೇವತಿ, ಅಶ್ವಿನಿ, ಭರಣಿ... ಭರಣಿ ಉಯ್ದ್ರೆ ಎಷ್ಟ್ ಮೆಟ್ಲು ಮುಳುಗ್ತವ್ಲಾ ಮಲ್ಲ?"